ಹೆಸರು ಬರೆದ ಡಬ್ಬಿಗಳು

ಅವರ ಷೆಡ್ಡಿನಲ್ಲಿ ಕುಡಿಯುವ ನೀರಿನ ಕೊಡದ ಮೇಲೂ ‘ನೀರು’ ಎಂದು ಬರೆದಿತ್ತು. ಬಿಳಿ ಪೇಂಟಿನ ದಪ್ಪ ಅಕ್ಷರ, ಮುಂದೊಂದು ಸಲ, ಹಿಂದೊಂದು ಸಲ. ಮೊದಲ ದಿನ ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

“ಕೊಡದಾಗೆ ನೀರಲ್ದೆ ಡೀಸೆಲ್ ಇರ್ತೈತಾ ಮೇಸ್ತ್ರಿ?” ಎಂದೆ.

“ಇರೂದಿಲ್ಲ ಅಂತ ನಿಮಗ ಯಾರು ಹೇಳಿದ್ರು?” ಎಂದರು. ಅವರು ನಗಲಿಲ್ಲ. ನನ್ನ ನಗುವೂ ಅಲ್ಲಿಗೇ ನಿಂತಿತು.

ಕೊಡವೊಂದೇ ಅಲ್ಲ. ಷೆಡ್ಡಿನ ಗೋಡೆಯುದ್ದಕ್ಕೂ ಕಡಲೆಕಾಯಿ ಎಣ್ಣೆಯ ಹಳೆಯ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದರ ಮೇಲೂ ಒಳಗಿರುವುದರ ಹೆಸರು: ಗ್ರೀಸು, ಬ್ರೇಕ್ ಆಯಿಲ್, ಸೀಮೆಎಣ್ಣೆ, ಸುಟ್ಟ ಆಯಿಲ್. ಚಹಾಪುಡಿಯ ಡಬ್ಬಿಗೆ ‘ಚಹಾಪುಡಿ’, ಸಕ್ಕರೆ ಡಬ್ಬಿಗೆ ‘ಸಕ್ಕರೆ’. ಏನೂ ಇಲ್ಲದ ಒಂದು ಡಬ್ಬಿಯ ಮೇಲೆ ‘ಖಾಲಿ’ ಎಂದಿತ್ತು. ಊರಿನ ಡ್ರೈವರುಗಳು ಇದನ್ನೊಂದು ಹುಚ್ಚು ಎಂದುಕೊಂಡಿದ್ದರು. ಒಬ್ಬ ಕ್ಲೀನರ್ ಒಮ್ಮೆ ಚಾಕ್‌ಪೀಸ್ ತಂದು ಅವರ ಅಂಗಿಯ ಬೆನ್ನ ಮೇಲೆ ‘ಮೇಸ್ತ್ರಿ’ ಎಂದು ಬರೆದು ಓಡಿಹೋಗಿದ್ದನಂತೆ. ಅವರು ಆ ಅಂಗಿಯನ್ನು ಹಾಗೇ ನಾಲ್ಕು ದಿನ ಹಾಕಿಕೊಂಡು ಓಡಾಡಿದರಂತೆ.

ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ರಾಯದುರ್ಗದಲ್ಲಿ ಎಲ್ಲರಿಗೂ ಅವರು ಮೇಸ್ತ್ರಿಯೇ. ಬಳ್ಳಾರಿ ರಸ್ತೆಗೆ ಊರು ಮುಗಿಯುವ ಕಡೆ ಅವರ ತಗಡಿನ ಷೆಡ್ಡು. ಮುಂದೆ ಲಾರಿ, ಟೆಂಪೊ, ಜೀನ್ಸ್ ಬಂಡಲ್ ಹೊರುವ ಆಟೊಗಳು. ಹಿಂದೆ ಒಂದು ಕೋಣೆ, ಒಂದು ಮಂಚ, ಒಂದು ಸ್ಟೌ. ಹೆಂಡತಿ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದನ್ನೂ ನಾನು ಬೇರೆಯವರಿಂದ ಕೇಳಿದ್ದು.

ನಾನು ಮಡಕಶಿರಾ ಹತ್ತಿರದ ಅಗಳಿ ಕಡೆಯವನು. ನಮ್ಮ ಕಡೆಯ ಹುಡುಗ ಹುಡುಗಿಯರೆಲ್ಲ ಗಾರ್ಮೆಂಟ್ಸ್ ಕೆಲಸಕ್ಕೆಂದು ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ ನಾನು ಮಾತ್ರ ತಿರುವುಮುರುವಾಗಿ ರಾಯದುರ್ಗದ ಬಸ್ಸು ಹತ್ತಿದೆ. ಅಲ್ಲಿನ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಮಿಷಿನ್ ರಿಪೇರಿ ನನ್ನ ಕೆಲಸ. ಅರವತ್ತು ಮಿಷಿನ್ನು, ಅರವತ್ತು ಜನ ಹೆಂಗಸರು, ನಾನೊಬ್ಬ. ಸೂಜಿ ಮುರಿದರೆ ಅಣ್ಣಾ, ದಾರ ಕಡಿದರೆ ಅಣ್ಣಾ, ಬೆಲ್ಟು ಜಾರಿದರೆ ಅಣ್ಣಾ. ದಿನವೆಲ್ಲ ಇಷ್ಟೊಂದು ಜನ ಕೂಗುತ್ತಿದ್ದರೂ ಸಂಜೆ ರೂಮಿಗೆ ಬಂದರೆ ಮಾತಾಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಹೆಂಡತಿ ಊರಿನಲ್ಲಿ ನಮ್ಮವ್ವನ ಜೊತೆ ಇದ್ದಳು. ಉಗುರಿನ ಸಂದಿಯ ನೀಲಿ ಬಣ್ಣವನ್ನು ಪಿನ್ನಿನಿಂದ ಕೆರೆಯುತ್ತಾ ಕೂತರೆ ಭಾನುವಾರ ಮುಗಿಯುತ್ತಲೇ ಇರಲಿಲ್ಲ.

ಒಂದು ಭಾನುವಾರ ಬೇರಿಂಗ್ ಕೀಳುವ ಪುಲ್ಲರ್ ಕೇಳಲು ಮೇಸ್ತ್ರಿಯ ಷೆಡ್ಡಿಗೆ ಹೋದೆ. ಪುಲ್ಲರ್ ಕೊಟ್ಟರು, ಚಹಾ ಕೊಟ್ಟರು. ಮುಂದಿನ ಭಾನುವಾರ ವಾಪಸು ಕೊಡಲು ಹೋದೆ. ಅದರ ಮುಂದಿನ ಭಾನುವಾರ ಯಾವ ನೆಪವೂ ಇಲ್ಲದೆ ಹೋದೆ. ನನ್ನನ್ನು ಅವರು ‘ಸೂಜಿ ಸಾಹೇಬ್ರು’ ಎಂದು ಕರೆಯತೊಡಗಿದರು. “ಬರ್ರಿ ಸೂಜಿ ಸಾಹೇಬ್ರ, ಕೂಡ್ರಿ” ಎಂದು ಒಂದು ಟೈರು ಉರುಳಿಸಿ ಕೊಡುವರು. ಆ ಟೈರಿನ ಮೇಲೆ ನಾನು ಸುಮಾರು ಆರು ವರ್ಷ ಕೂತೆ.

ಅವರಿಗೆ ಮಾತು ಕಡಿಮೆ, ಮೂಗು ಜಾಸ್ತಿ. ಯಾವ ಎಣ್ಣೆಯನ್ನಾದರೂ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ತಿಕ್ಕಿ ಮೂಸುತ್ತಿದ್ದರು. ಮೂಸಿದರೆ ಅದು ಇಂಜಿನ್ನಿನದೋ, ಗೇರಿನದೋ, ಎಷ್ಟು ದಿನ ಓಡಿದೆಯೋ ಹೇಳಿಬಿಡುವರು. ಒಮ್ಮೆ ನಮ್ಮ ಹೊಲಿಗೆ ಮಿಷಿನ್ನಿನ ಎಣ್ಣೆ ಕೊಟ್ಟು ಪರೀಕ್ಷೆ ಮಾಡಿದೆ. ಮೂಸಿದರು, ಮತ್ತೆ ಮೂಸಿದರು.

“ಇದರಾಗ ವಾಸನಿ ಇಲ್ಲ, ಬಣ್ಣ ಇಲ್ಲ. ನೀರಿಗೆ ಜಿಡ್ಡು ಬಳದಂಗ ಐತಿ” ಎಂದರು. “ಇಂಥಾದ್ದರ ಮ್ಯಾಲೆ ಜೀವನಾ ನಡಸ್ತೀರಲ್ಲ ಮಾರಾಯ್ರ!”

ಬಟ್ಟೆಗೆ ಕಲೆ ಆಗಬಾರದು ಅಂತ ಹಾಗಿರುತ್ತೆ ಎಂದು ನಾನು ಹೇಳಿದೆ. ಅವರು ಒಂದು ಸಣ್ಣ ಸೀಸೆಗೆ ಅದನ್ನು ಹುಯ್ದುಕೊಂಡು, ‘ಸೂಜಿ ಎಣ್ಣಿ’ ಎಂದು ಬರೆದು ಸಾಲಿನ ಕೊನೆಯಲ್ಲಿಟ್ಟರು. ಅಂಥ ಮೂಗಿದ್ದವರಿಗೆ ಇಷ್ಟೊಂದು ಹೆಸರು ಬರೆಯುವ ಚಟ ಯಾಕೆ ಎಂದು ಆಗಲೇ ಕೇಳಬೇಕಿತ್ತು. ನನಗೆ ಹೊಳೆಯಲಿಲ್ಲ.

ಗಾಡಿ ರಿಪೇರಿ ಮುಗಿದರೆ ಡ್ರೈವರಿಗೆ ಅವರು ಹೇಳುತ್ತಿದ್ದ ಮಾತು ಒಂದೇ. “ನೇಮಕಲ್ಲಿಗೆ ಒಂದು ರೌಂಡ್ ಹೋಗಿ ಬರ್ರಿ. ಆಂಜನೇಯಗ ಕೈ ಮುಗದಂಗೂ ಆತು, ಗಾಡಿ ನೋಡಿದಂಗೂ ಆತು.” ಗಾಡಿ ವಾಪಸು ಬರುವವರೆಗೂ ರಸ್ತೆ ಕಡೆ ಕಿವಿ ಕೊಟ್ಟು ನಿಂತೇ ಇರುವರು. ತಿರುವಿನಲ್ಲಿ ಅದರ ಸದ್ದು ಸರಿಯಾಗಿ ಕೇಳಿದರೇನೇ ಒಳಗೆ ಬಂದು ಕೈ ತೊಳೆಯುವುದು. ಅವರು ಮಾತ್ರ ಯಾವ ಗಾಡಿಯನ್ನೂ ಷೆಡ್ಡಿನಿಂದ ನೂರು ಗಜದಾಚೆ ಓಡಿಸಿದ್ದನ್ನು ನಾನು ನೋಡಿಲ್ಲ.

ಷೆಡ್ಡಿನ ಒಳಮೂಲೆಯಲ್ಲಿ ಒಂದು ಕಾರು ನಿಂತಿತ್ತು. ಮೊದಲು ಅದಕ್ಕೆ ಹರಿದ ಟಾರ್ಪಾಲು ಹೊದಿಸಿದ್ದರು. ನಾನು ನಮ್ಮ ಘಟಕದಲ್ಲಿ ಬಣ್ಣ ಕೆಟ್ಟು ಉಳಿದ ಜೀನ್ಸ್ ಬಟ್ಟೆಯ ತುಂಡುಗಳನ್ನು ಕೂಡಿಸಿ ಒಂದು ಹೊದಿಕೆ ಹೊಲಿಸಿ ಕೊಟ್ಟೆ. ಅದನ್ನು ಹಾಕುವಾಗಲೇ ಕಾರನ್ನು ಪೂರ್ತಿ ನೋಡಿದ್ದು. ಹಳೆಯ ರ‍್ಯಾಲಿ ಕಾರು. ಗುಡ್ಡಗಾಡಿನ ಮಣ್ಣು ರಸ್ತೆಯಲ್ಲಿ ಹೊತ್ತು ನೋಡಿ ಓಡಿಸುತ್ತಾರಲ್ಲ, ಆ ಪಂದ್ಯದ್ದು. ಬಾಗಿಲಿನ ಮೇಲೆ ಅರ್ಧ ಕೆರೆದ ನಂಬರಿತ್ತು. ಇಂಜಿನ್ನು ಹೊಸದರಂತೆ ಫಳಫಳ ಅನ್ನುತ್ತಿತ್ತು. ಆದರೆ ಎಡಗಡೆಯ ಬಾಗಿಲು ಒಳಕ್ಕೆ ನುಗ್ಗಿ ನಜ್ಜುಗುಜ್ಜಾಗಿತ್ತು. ಅದನ್ನು ಯಾಕೆ ತಟ್ಟಿಸಿಲ್ಲ ಎಂದು ಕೇಳಿದ್ದಕ್ಕೆ, “ಅದು ಇರಲ್ರಿ” ಎಂದರು.

ನಾನು ಎರಡು ತಿಂಗಳಿಗೊಮ್ಮೆ ಮಿಷಿನ್ ಸಾಮಾನಿಗೆ ಬೆಂಗಳೂರಿಗೆ ಹೋಗುತ್ತಿದ್ದೆ. ಒಂದು ಸಲ ಹೊರಡುವ ಹಿಂದಿನ ದಿನ ಮೇಸ್ತ್ರಿ ತಾವಾಗೇ ನನ್ನ ರೂಮಿಗೆ ಬಂದರು. ಅವರು ರೂಮಿಗೆ ಬಂದದ್ದು ಅದೊಂದೇ ಸಲ. ನಿಂತುಕೊಂಡೇ ಹೇಳಿದರು.

“ಒಂದು ಎಣ್ಣಿ ಬೇಕಾಗೈತಿ. ಆ ಕಾರಿನ ಡಿಫರೆನ್ಷಿಯಲ್ಲಿಗೆ.”

ಡಿಫರೆನ್ಷಿಯಲ್ ಅಂದರೆ ಹಿಂದಿನ ಎರಡು ಗಾಲಿಯ ನಡುವೆ ಇರುವ ಕಬ್ಬಿಣದ ಗುಂಡು ಹೊಟ್ಟೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅದಕ್ಕೆ ಎಲ್ಲ ಅಂಗಡಿಯಲ್ಲೂ ಸಿಗುವ ತೊಂಬತ್ತು ನಂಬರಿನ ಗೇರ್ ಆಯಿಲ್ ಸಾಲದೇ ಎಂದೆ.

“ಲಾರಿಗೆ ಸಾಕು. ಇದಕ್ಕ ಆಗೂದಿಲ್ಲ. ಇದರಾಗ ಪ್ಲೇಟ್ ಅದಾವ್ರಿ, ಒಂದರ ಮ್ಯಾಲೊಂದು. ಗಾಡಿ ತಿರುಗುವಾಗ ಹೊರಗಿನ ಗಾಲಿ ಜಾಸ್ತಿ ಓಡಬೇಕು, ಒಳಗಿಂದು ಕಮ್ಮಿ. ಆ ಪ್ಲೇಟು ಒಂದಕ್ಕೊಂದು ಹಿಡದೂ ಹಿಡೀಬೇಕು, ಜಾರಲೂ ಜಾರಬೇಕು. ಅದಕ್ಕ ಬ್ಯಾರೇನ ಎಣ್ಣಿ. ತೊಂಬತ್ತು ಹಾಕಿದ್ರ ಪ್ಲೇಟು ಕಚ್ಚಿಕೊಂತಾವು, ಬಿಡ್ತಾವು, ಕಚ್ಚಿಕೊಂತಾವು. ಗುರ್ ಗುರ್ ಅಂತೈತಿ.”

ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಎಣ್ಣೆಯ ಹೆಸರು ಕೇಳಿದರೆ ಹೆಸರು ಗೊತ್ತಿಲ್ಲ ಎಂದರು. ಈ ಹಿಂದೆ ಅದನ್ನು ಕೊಟ್ಟ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬಳ್ಳಾರಿ, ಅನಂತಪುರ, ಗುಂತಕಲ್ಲು ಎಲ್ಲಾ ಹುಡುಕಿಸಿದ್ದರು.

ನಾನು ತಂದ ಮೊದಲ ಎಣ್ಣೆ ಕೆಂಪಗೆ ಶರಬತ್ತಿನ ಹಾಗಿತ್ತು. ಅವರು ಮುಚ್ಚಳ ತೆಗೆದು, “ಇದು ಸ್ಟೇರಿಂಗಿಂದು” ಎಂದು ಮುಚ್ಚಿಟ್ಟರು. ಎರಡನೆಯದು ಹುಣಸೆ ರಸದಷ್ಟು ಗಟ್ಟಿ. “ಇದು ಟ್ರ್ಯಾಕ್ಟರಿಂದು” ಎಂದರು. ಮೂರನೆಯದನ್ನು ತಿಕ್ಕಿ ಮೂಸಿ ನನ್ನ ಮುಖ ನೋಡಿದರು. “ಸೂಜಿ ಸಾಹೇಬ್ರ, ಇದು ತೊಂಬತ್ತರೀ. ಡಬ್ಬಿ ಅಷ್ಟ ಫಾರಿನ್ನು.” ಮೂರಕ್ಕೂ ತಪ್ಪದೆ ಹೆಸರು ಬರೆದು ಸಾಲಿನಲ್ಲಿಟ್ಟರು. ನನಗೆ ರೇಗಿಹೋಯಿತು. ಮೂಟೆ ಹೊತ್ತ ಹಾಗೆ ಡಬ್ಬಿ ಹೊತ್ತು ತಂದದ್ದು ನಾನು. ಓಡದ ಕಾರಿಗೆ ಇಷ್ಟೊಂದು ಮಡಿ ಯಾಕೆ, ಗುರ್ ಅಂದರೆ ಅನ್ನಲಿ ಬಿಡಿ ಎಂದುಬಿಟ್ಟೆ.

ಮಧ್ಯಾಹ್ನದ ಬಿಸಿಲಿಗೆ ತಗಡು ಟಪಟಪ ಅನ್ನುತ್ತಿತ್ತು. ಅವರು ಕೈ ಒರೆಸಿಕೊಂಡು ನನ್ನೆದುರು ನೆಲದ ಮೇಲೆ ಕೂತರು. ಆಗ ಹೇಳಿದರು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಕಾರಿನ ಯಜಮಾನ ಅಗಳಿಯ ಆಚೆಯ ಹಳ್ಳಿಯ ಹುಡುಗ, ನಮ್ಮ ಕಡೆಯವನೇ. ರೇಷ್ಮೆಯಲ್ಲಿ ಚೆನ್ನಾಗಿ ಎದ್ದ ಮನೆ. ಕಾರು ಓಡಿಸುವುದೆಂದರೆ ಅವನಿಗೆ ಪ್ರಾಣ. ಅವನು ಓಡಿಸಿದರೆ ಎಡಗಡೆ ಸೀಟಿನಲ್ಲಿ ಅವನ ಭಾವ, ಅಂದರೆ ಅಕ್ಕನ ಗಂಡ, ಹಾಳೆ ಹಿಡಿದು ಮುಂದಿನ ತಿರುವು ಯಾವುದೆಂದು ಕೂಗಿ ಹೇಳುವುದು. ಯಾರೋ ಹೇಳಿದರೆಂದು ಕಾರನ್ನು ಮೇಸ್ತ್ರಿಯ ಹತ್ತಿರ ತಂದರು. ಮೇಸ್ತ್ರಿ ಡಿಫರೆನ್ಷಿಯಲ್ ಬಿಚ್ಚಿ ಹೊಸ ಪ್ಲೇಟು ಹಾಕಿದರು. ಅದಕ್ಕೆಂದೇ ಬಂದ ಎಣ್ಣೆಯ ಸೀಸೆ ಬಿರುಕು ಬಿಟ್ಟಿದ್ದರಿಂದ ಅದನ್ನೊಂದು ಕಡಲೆಕಾಯಿ ಎಣ್ಣೆ ಡಬ್ಬಿಗೆ ಹುಯ್ದಿಟ್ಟರು. ಪಕ್ಕದಲ್ಲೇ ಅಂಥದೇ ಇನ್ನೊಂದು ಡಬ್ಬಿ, ಅದರಲ್ಲಿ ಲಾರಿಯ ತೊಂಬತ್ತು ನಂಬರು. ಎರಡೂ ಜೇನುತುಪ್ಪದ ಬಣ್ಣ. ಆಗ ಅವರು ಯಾವ ಡಬ್ಬಿಗೂ ಹೆಸರು ಬರೆಯುತ್ತಿರಲಿಲ್ಲ. ಮೂಗಿತ್ತಲ್ಲ.

“ಆವತ್ತು ಮುಂಜಾನಿ ನನಗ ನೆಗಡಿ” ಎಂದರು. “ಎಂಥಾ ನೆಗಡಿ ಅಂದ್ರ, ಮೂಗಿಗೆ ಸೀಮೆಎಣ್ಣಿ ಹಿಡದ್ರೂ ಗೊತ್ತಾಗವಲ್ದು. ಅವರು ಅವಸರ ಮಾಡಾಕತ್ತಿದ್ರು. ಇದ ಡಬ್ಬಿ ಅಂತ ಒಂದು ಎತ್ತಿದ್ನಿ, ಹಾಕಿದ್ನಿ.”

ಅಂಗಳದಲ್ಲಿ ಕಾರು ತಿರುಗಿಸಿದಾಗ ಹುಡುಗ ತಲೆ ಹೊರಗೆ ಹಾಕಿ, ಹಿಂದುಗಡೆ ಗುರ್ ಅಂತೈತಲ್ಲ ಮೇಸ್ತ್ರಿ ಅಂದನಂತೆ. ಇವರು, ಹೊಸಾ ಪ್ಲೇಟು, ಕೂಡಿಕೊಳ್ಳೂತನಕ ಹಂಗ, ಹೋಗ್ರಿ ಅಂದರಂತೆ. ಮೂರನೇ ದಿನಕ್ಕೂ ಆ ಸದ್ದು ನಿಂತಿರಲಿಲ್ಲವಂತೆ. ಅವತ್ತು ಪಂದ್ಯದಲ್ಲಿ ಒಂದು ಎಡತಿರುವಿಗೆ ಕಾರು ತಿರುಗಲೇ ಇಲ್ಲ. ಹಿಂದಿನ ಗಾಲಿಗಳು ನೇರಕ್ಕೇ ದೂಡಿದವು. ಹುಡುಗ ಕೊನೆಗಳಿಗೆಯಲ್ಲಿ ಬಲವಂತವಾಗಿ ಎಳೆದ. ಕಾರು ಗಿರ್ರನೆ ಸುತ್ತಿ, ಎಡಮಗ್ಗುಲು ಹುಣಸೆಮರಕ್ಕೆ ಬಡಿಯಿತು. ಭಾವ ಅಲ್ಲೇ ಹೋದ. ಹುಡುಗನ ಕಾಲು ಮುರಿಯಿತು. ಎಲ್ಲರೂ ಅವನ ಸ್ಪೀಡನ್ನೇ ಬೈದರು. ಮೇಸ್ತ್ರಿಯನ್ನು ಯಾರೂ ಏನೂ ಕೇಳಲಿಲ್ಲ. ಡಿಫರೆನ್ಷಿಯಲ್ಲಿನ ಹೊಟ್ಟೆ ಒಡೆದು ಎಣ್ಣೆಯೆಲ್ಲ ಮಣ್ಣಿಗೆ ಸೇರಿತ್ತು. ಇತ್ತ ಷೆಡ್ಡಿನಲ್ಲಿದ್ದ ಎರಡು ಡಬ್ಬಿಯನ್ನೂ ಅಷ್ಟರಲ್ಲಿ ಯಾವನೋ ಲಾರಿಯವನು ತನ್ನ ಗಾಡಿಗೆ ಬಗ್ಗಿಸಿಕೊಂಡು ಹೋಗಿದ್ದ. ಗುಜರಿಗೆ ಹಾಕಿ ಎಂದು ಆ ಮನೆಯವರು ಬಿಟ್ಟ ಕಾರನ್ನು ಇವರೇ ಎಳೆಸಿ ತಂದರು.

“ತೊಂಬತ್ತು ಹಾಕಿ ತಿರುಗಿಸಿ ನೋಡೀನ್ರಿ. ಗುರ್ ಅಂತೈತಿ. ಆದ್ರ ಸರಿ ಎಣ್ಣಿ ಹಾಕಿದ್ರೂ ಹಂಗ ಗುರ್ ಅಂದ್ರ?” ಅವರು ನನ್ನ ಕಡೆ ಬಗ್ಗಿದರು. “ಅಂದ್ರ ಆ ಸದ್ದು ಪ್ಲೇಟಿಂದು. ಎಣ್ಣಿದಲ್ಲ. ನಾನು ಎತ್ತಿದ್ದು ಸರಿ ಡಬ್ಬಿನ ಇದ್ದಿರಬೇಕು. ಅಲ್ಲೇನ್ರಿ?”

ಹೌದು ಎಂದೆ. ಒಬ್ಬ ಮನುಷ್ಯ ತನ್ನ ರಿಪೇರಿ ಕೆಟ್ಟ ಸದ್ದು ಮಾಡಲಿ ಎಂದು ಇಷ್ಟು ವರ್ಷ ಹಾರೈಸಿಕೊಂಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ಮೇಲೆ ನನಗೂ ಅದೇ ಹಾರೈಕೆ ಅಂಟಿಕೊಂಡಿತು.

ಮುಂದಿನ ಸಲ ಬೆಂಗಳೂರಿನಲ್ಲಿ ನಾನು ಎಣ್ಣೆ ಕೇಳುವುದನ್ನೇ ಬಿಟ್ಟೆ. ಸ್ಪೇರ್ ಪಾರ್ಟ್ಸ್ ಬೀದಿಯ ಒಂದು ಹಳೆಯ ಅಂಗಡಿಯಲ್ಲಿ, ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದ ಮುದುಕರಿಗೆ ಇಡೀ ಕಥೆಯಲ್ಲಿ ಸಾವನ್ನು ಬಿಟ್ಟು ಉಳಿದದ್ದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಒಳಗೆ ಪ್ಲೇಟ್ ಇದೆಯೇನಪ್ಪ?” ಇದೆ ಎಂದೆ. ಒಂದು ಗೇರ್ ಆಯಿಲ್ ಡಬ್ಬಿ, ಜೊತೆಗೆ ಕೆಮ್ಮಿನ ಔಷಧಿಯಷ್ಟು ಸಣ್ಣ ಸೀಸೆಯೊಂದನ್ನು ಕೊಟ್ಟರು. “ಅದಕ್ಕೆ ಇದನ್ನ ಬೆರೆಸಬೇಕು. ಜಾರಿಸೋದು ಇದೇ. ಲೈಸೆನ್ಸ್ ಕೊಡುವಾಗ ಎಂಟು ಹಾಕಿಸ್ತಾರಲ್ಲ, ಹಾಗೆ ಹತ್ತು ಸಲ ಎಂಟು ಹಾಕಿ. ಆಮೇಲೆ ಕೇಳಿ.”

ಮೇಸ್ತ್ರಿ ಸಣ್ಣ ಸೀಸೆಯ ಮುಚ್ಚಳ ತೆಗೆದು ಮೂಸಿದರು. ಕೊಳೆತ ಮೀನಿನಂಥ ನಾತ ನನಗೇ ಬಂತು. ಅವರು ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಮೂಸಿದರು.

“ಇದ ರೀ” ಎಂದರು.

ಮರುದಿನ ಷೆಡ್ಡಿನ ಬಾಗಿಲು ಹಾಕಿದರು. ಎರಡು ದಿನ ಒಳಗೇ ಕೂತು ಆ ಹೊಟ್ಟೆಯನ್ನು ಬಿಚ್ಚಿ, ಪ್ಲೇಟುಗಳನ್ನು ತೊಳೆದು, ಹೊಸ ಎಣ್ಣೆಯಲ್ಲಿ ನೆನೆಹಾಕಿ, ಒಂದೊಂದಾಗಿ ಜೋಡಿಸಿದರು. ಭಾನುವಾರ ಬೆಳಗ್ಗೆ ಊರಾಚೆ ಜೀನ್ಸ್ ಬಟ್ಟೆ ಒಣಹಾಕುವ ಬಯಲಿಗೆ ಕಾರನ್ನು ತಂದರು. ಆವತ್ತು ರಜೆ, ಹಗ್ಗಗಳೆಲ್ಲ ಖಾಲಿ. ನಾನು ಹುರುಪಿನಲ್ಲಿ ಎಡಗಡೆಯ ಜಜ್ಜಿದ ಬಾಗಿಲಿಗೆ ಕೈ ಹಾಕಿದೆ.

“ಆ ಸೀಟಿನಾಗ ಕೂಡಬ್ಯಾಡ್ರಿ” ಎಂದರು.

ನಾನು ಬಯಲಿನ ನಡುವೆ ನಿಂತೆ. ಅವರು ಮೆಲ್ಲಗೆ ನನ್ನ ಸುತ್ತ ಎಂಟು ಹಾಕತೊಡಗಿದರು. ಮೊದಲನೆಯ ಸುತ್ತಿಗೆ ಹಿಂದಿನಿಂದ ಗುರ್ ಎಂದಿತು. ಅವರು ಕಿಟಕಿಯಿಂದ ತಲೆ ಹೊರಹಾಕಿ, “ಕೇಳ್ತೇನ್ರಿ? ಕೇಳ್ತೇನ್ರಿ?” ಎಂದರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಎರಡನೆಯ ಸುತ್ತಿಗೂ ಗುರ್ ಎಂದಿತು. ಮೂರಕ್ಕೆ ಸಣ್ಣಗೆ. ನಾಲ್ಕನೆಯದಕ್ಕೆ, ನಾನು ಉಸಿರು ಹಿಡಿದು ಕೇಳಿದರೂ, ಏನೂ ಇಲ್ಲ. ಐದು, ಆರು, ಏಳು. ಇಂಜಿನ್ನಿನ ಸದ್ದು, ಮಣ್ಣಿನ ಮೇಲೆ ಟೈರಿನ ಸದ್ದು, ಅಷ್ಟೆ. ಹತ್ತಕ್ಕೆ ನಿಲ್ಲಿಸಲಿಲ್ಲ. ಹದಿನೈದು, ಇಪ್ಪತ್ತು ಸುತ್ತಿದರು. ಸ್ಟೇರಿಂಗನ್ನು ಪೂರ್ತಿ ಎಳೆದು ಆ ಕಡೆ ಈ ಕಡೆ ಇಕ್ಕಟ್ಟಾಗಿ ತಿರುಗಿಸಿದರು. ಕಾರು ಬೆಣ್ಣೆಯ ಹಾಗೆ ತಿರುಗುತ್ತಿತ್ತು.

ಇಂಜಿನ್ ಆರಿಸಿ ಒಳಗೇ ಕೂತರು. ನಾನು ಹತ್ತಿರ ಹೋಗಿ ಕಿಟಕಿ ಹಿಡಿದು ನಿಂತೆ.

“ತೊಂಬತ್ತನ್ನ ಹಾಕೀನ್ರಿ ನಾನು” ಎಂದರು. “ಆವತ್ತು ತೊಂಬತ್ತನ್ನ ಹಾಕಿದ್ನಿ.”

ಮುಂದಿನ ವಾರ ನಾವಿಬ್ಬರೂ ಅಗಳಿಯ ಬಸ್ಸಿನಲ್ಲಿದ್ದೆವು. ಹೇಳಿಬರಬೇಕು ಎಂದರು. ದಾರಿ ತೋರಿಸಲು ನಾನು. ಹೊಸ ಅಂಗಿ ಹಾಕಿಕೊಂಡಿದ್ದರು. ಉಗುರನ್ನು ಸೋಪು ಹಾಕಿ ಎಷ್ಟು ತಿಕ್ಕಿದ್ದರೆಂದರೆ ಬೆರಳತುದಿಯ ಚರ್ಮ ಎದ್ದಿತ್ತು.

ಕಾರಿನ ಯಜಮಾನ, ಹುಡುಗ ಎಂದು ನಾನು ಅಂದುಕೊಂಡಿದ್ದವನು, ತಲೆ ನರೆತ ಗಂಡಸಾಗಿದ್ದ. ಕುಂಟುತ್ತಾ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಹುಳದ ಮನೆಗೆ ಸಾಗಿಸುತ್ತಿದ್ದ. ಮೇಸ್ತ್ರಿಯನ್ನು ನೋಡಿ ಗುರುತು ಹಿಡಿದು, ಬಾಗಿಲಿಗೆ ಅಡ್ಡ ನಿಂತ.

“ಅಲ್ಲೇ ಇರಿ ಮೇಸ್ತ್ರಿ, ಬತ್ತೀನಿ. ಹುಳ ನಾಕನೇ ಜ್ವರ ಎದ್ದೈತೆ. ಎಣ್ಣೆ ವಾಸ್ನೆ ತಡೆಯಲ್ಲ” ಎಂದ. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.

ಮೇಸ್ತ್ರಿ ತಮ್ಮ ಕೈಯನ್ನು ತಾವೇ ಮೂಸಿಕೊಂಡರು. ಆಮೇಲೆ ಹಿಂದೆ ಹಿಂದೆ ಸರಿದು ಬೇಲಿಯ ಹತ್ತಿರದ ಬೇವಿನ ಮರದ ಕೆಳಗೆ ನಿಂತರು. ಅವನು ಸೊಪ್ಪು ಹಾಕಿ ಮುಗಿಸಿ ಬರುವವರೆಗೂ ಅಲ್ಲೇ ನಿಂತಿದ್ದು, ಬಂದಮೇಲೆ ಎಲ್ಲವನ್ನೂ ಹೇಳಿದರು. ನೆಗಡಿಯನ್ನೂ ಬಿಡಲಿಲ್ಲ.

ಅವನು ಬೈಯುತ್ತಾನೆ, ಇಲ್ಲವೇ ಕೈಯೆತ್ತುತ್ತಾನೆ ಎಂದು ನಾನು ಕಾದಿದ್ದೆ. ಅವನು ತನ್ನ ಎರಡು ಕೈಗಳನ್ನೂ ಮುಂದೆ ಹಿಡಿದು ನೋಡಿಕೊಳ್ಳುತ್ತಾ ನಿಂತ.

“ನನ್ ಕೈಯೇ ತಪ್ತು ಅನ್ಕಂಡಿದ್ದೆ” ಎಂದ. “ನಾನೇ ಭಾವನ್ನ ಸಾಯಿಸ್ದೆ ಅನ್ಕಂಡು ಹದಿನಾಲ್ಕು ವರ್ಷ ನಮ್ಮಕ್ಕನ ಮನೆ ಹೊಸ್ಲು ತುಳಿದಿಲ್ಲ ಕಣ್ರಿ. ಅವ್ಳೂ ಕರೀಲಿಲ್ಲ. ನಿಮ್ಗೆ ಯಾವತ್ತಿಂದ ಅನುಮಾನ?”

“ಆವತ್ತಿಂದನ” ಎಂದರು ಮೇಸ್ತ್ರಿ. “ಖಾತ್ರಿ ಆಗಲಿ ಅಂತ... ಆ ಎಣ್ಣಿ ಸಿಗಲಿ ಅಂತ ಇದ್ನಿ.”

“ಅನುಮಾನ ಹೇಳಿದ್ರೆ ಸಾಕಾಗಿತ್ತು ಮೇಸ್ತ್ರಿ. ಎಣ್ಣೆ ಯಾತಕ್ ಬೇಕಿತ್ತು?”

ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ನಾವಿಬ್ಬರೂ ರಿಪೇರಿಯವರು. ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗುವವರೆಗೂ ಯಜಮಾನನಿಗೆ ಏನೂ ಹೇಳುವುದಿಲ್ಲ.

“ನಮ್ಮಕ್ಕ ಮಡಕಶಿರಾದಾಗೆ ಅವ್ಳೆ. ಅವ್ಳಿಗೂ ನೀವೇ ಹೇಳ್ಬೇಕು” ಎಂದು ಅವನು ಮನೆಯ ಗುರುತು ಹೇಳಿದ. “ನಾನು ಬರಲ್ಲ. ನಂಗಾಗಲ್ಲ.”

ಮಡಕಶಿರಾ ಬಸ್ ನಿಲ್ದಾಣದಲ್ಲಿ ಇಳಿದಾಗ ಮೂರೂವರೆ. ಆ ಬೀದಿಯ ತಿರುವಿನವರೆಗೂ ಮೇಸ್ತ್ರಿಯ ಜೊತೆ ಹೋದೆ. ತಿರುವಿನಲ್ಲಿ ನಿಂತೆ. ನಾಲ್ಕೂವರೆಗೆ ಕಲ್ಯಾಣದುರ್ಗದ ಬಸ್ಸಿದೆ, ಅದು ತಪ್ಪಿದರೆ ನಾಳೆಯ ಕೆಲಸ ಹೋಗುತ್ತದೆ, ನೀವು ನಿಧಾನವಾಗಿ ಮಾತಾಡಿ ಬನ್ನಿ, ನಾನು ಹೊರಡುತ್ತೇನೆ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ಹೌದ್ರಿ, ನಿಮ್ಮ ಡ್ಯೂಟಿ ಐತಲ್ಲ. ಹೋಗ್ರಿ” ಎಂದರು. ಹೊಸ ಅಂಗಿಯ ಬೆನ್ನು ಬೆವತು ಅಂಟಿಕೊಂಡಿತ್ತು. ಮನೆಗಳನ್ನು ಒಂದೊಂದಾಗಿ ನೋಡುತ್ತಾ ಒಬ್ಬರೇ ನಡೆದು ಹೋದರು.

ಅಲ್ಲಿ ಏನಾಯಿತೆಂದು ಅವರು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಭಾನುವಾರ ಎಂದಿನಂತೆ ಟೈರು ಉರುಳಿಸಿ ಕೊಟ್ಟರು, ಚಹಾ ಕೊಟ್ಟರು. ಕಾರಿಗೆ ಮತ್ತೆ ಜೀನ್ಸ್ ಹೊದಿಕೆ ಬಿತ್ತು. ಆದರೆ ಯಾವುದಾದರೂ ಹೆಜ್ಜೆ ಸಪ್ಪಳವಾದರೆ ಬಾಗಿಲ ಕಡೆ ನೋಡುವ ಹೊಸ ಅಭ್ಯಾಸವೊಂದು ಅವರಿಗೆ ಹತ್ತಿತ್ತು. ಯಾರಾದರೂ ಬರಬೇಕಿತ್ತೇ ಎಂದು ಒಮ್ಮೆ ಕೇಳಿದೆ. “ಯಾರ್ ಬರ್ತಾರ್ರಿ” ಎಂದರು. ಒಂದೂವರೆ ವರ್ಷದ ಮೇಲೆ ನಮ್ಮ ಘಟಕ ಮುಚ್ಚಿತು. ನಾನು ಹಿಂದೂಪುರದ ಕಡೆ ಬೇರೆ ಕೆಲಸ ಹಿಡಿದೆ. ಅಪರೂಪಕ್ಕೊಂದು ಫೋನ್. ಆಮೇಲೆ ಅದೂ ಇಲ್ಲ.

ಅವರು ಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿ ಎಂಟು ದಿನ ಕಳೆದಿತ್ತು. ಎದೆನೋವಂತೆ. ಬೆಳಗ್ಗೆ ಷೆಡ್ಡು ತೆಗೆಯದಿದ್ದದ್ದನ್ನು ನೋಡಿ ಲಾರಿಯವರೇ ಬಾಗಿಲು ತಳ್ಳಿದರಂತೆ. ನಾನು ರಾಯದುರ್ಗಕ್ಕೆ ಹೋದಾಗ ಷೆಡ್ಡಿನ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಆ ಕುಂಟುಕಾಲಿನವನು. ಜೊತೆಗೆ ಅವನ ಅಕ್ಕ. ಅವರಿಗೂ ಸುದ್ದಿ ತಡವಾಗಿ ಸಿಕ್ಕಿತ್ತು.

ಮೇಸ್ತ್ರಿ ಬಂದು ಹೋದ ಮುಂದಿನ ವಾರವೇ ಅವಳು ತಮ್ಮನಿಗೆ ಹೇಳಿಕಳಿಸಿದಳಂತೆ. ಅವನು ಹೋದನಂತೆ. ಈಗ ಹಬ್ಬಹರಿದಿನಕ್ಕೆ ಹೋಗಿಬರುವುದಿದೆ ಎಂದು ಅವನೇ ಹೇಳಿದ. ಒಂದ್ಸಲ ರಾಯದುರ್ಗಕ್ಕೆ ಹೋಗಿ ಮೇಸ್ತ್ರಿಗೆ ಹೇಳಬೇಕು ಅಂತ ಇಬ್ಬರೂ ಅಂದುಕೊಳ್ಳುತ್ತಲೇ ಇದ್ದರಂತೆ. ಒಂದು ಬೆಳೆ ಮುಗೀಲಿ, ಇನ್ನೊಂದು ಬೆಳೆ ಮುಗೀಲಿ ಅಂತ.

ಆಯಮ್ಮ ಷೆಡ್ಡಿನೊಳಗೆ ಡಬ್ಬಿಗಳ ಮೇಲಿನ ಹೆಸರನ್ನೆಲ್ಲ ಒಂದೊಂದಾಗಿ ಓದಿಕೊಂಡು ಬಂದಳು. ಕಾರಿನ ಹತ್ತಿರ ಹೋಗಿ ಎಡಗಡೆಯ ಬಾಗಿಲನ್ನು ಕೈಯಿಂದ ಸವರಿದಳು. ಕೊಡದಿಂದ ನೀರು ಬಗ್ಗಿಸಿಕೊಳ್ಳಲು ಹೋಗಿ, ‘ನೀರು’ ಎಂಬುದನ್ನು ನೋಡಿ, ಬಗ್ಗಿಸಿಕೊಳ್ಳದೆ ಲೋಟವನ್ನು ಹಾಗೇ ಇಟ್ಟಳು. ತಮ್ಮ ಹೊರಗೆ ಲಾರಿಯವರ ಜೊತೆ ಮಾತಾಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದಳು.

“ಆವತ್ತು ಒಬ್ರೇ ಬಂದು ಬಾಗ್ಲಾಗೆ ನಿಂತ್ರು ಕಣಣ್ಣ. ಮನೇಲಿ ನಾನೊಬ್ಳೇ. ಗುರ್ತಿಲ್ಲ ಪರಿಚಯ ಇಲ್ಲ. ಹೇಳ್ತಾ ಹೇಳ್ತಾ ಅಳಕ್ ಶುರು ಮಾಡಿದ್ರು. ಜೊತೆಗೊಬ್ರು ಇದ್ದಿದ್ರೆ ಒಳಕ್ ಕರ್ದು ಕುಂಡ್ರಿಸ್ತಿದ್ದೆ, ಒಂದ್ ಲೋಟ ನೀರಾದ್ರೂ ಕೊಡ್ತಿದ್ದೆ. ಬೀದಿ ಜನ ನೋಡ್ತಾವ್ರೆ, ನಂಗೆ ದಿಗಿಲಾತು, ಬಾಗ್ಲು ಹಾಕ್ಕಂಡ್ಬಿಟ್ಟೆ. ಹೊತ್ತು ಮುಳುಗೋ ತನ್ಕ ಹೊರ್ಗಡೆ ನಿಂತೇ ಇದ್ರು. ಅವ್ರ ಜೊತೆಗೆ ಯಾರೂ ಬಂದಿರ್ಲಿಲ್ವಾ?”

“ಇಲ್ಲಮ್ಮ” ಎಂದೆ. “ಯಾರೂ ಬಂದಿರ್ಲಿಲ್ಲ.”

ಮೇಸ್ತ್ರಿ ರಾಯದುರ್ಗದವರು, ಅವರಿಗೆ ನಮ್ಮ ಕಡೆಯ ಬಸ್ಸಿನ ಹೊತ್ತು ಗೊತ್ತಿರಲಿಲ್ಲ. ನಾನು ಅದೇ ಕಡೆ ಹುಟ್ಟಿ ಬೆಳೆದವನು. ನಾಲ್ಕೂವರೆಯದು ಹೋದಮೇಲೆ ಆರು ಗಂಟೆಗೂ ಒಂದು ಬಸ್ಸಿತ್ತು.